ಕಾದು ಬಾಗಿದ ಸಿಲಿಂಡರ್ ಹೆಡ್: ರಿಪೇರಿಯೋ, ಗುಜರಿಯೋ?

ಏಪ್ರಿಲ್-ಮೇ ತಿಂಗಳಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಏರುವವರಿಗೆ ರಸ್ತೆ ಬದಿಯಲ್ಲಿ ಬಾನೆಟ್ ತೆರೆದು ನಿಂತ ಕಾರುಗಳು ಹೊಸ ದೃಶ್ಯವೇನಲ್ಲ. ರೇಡಿಯೇಟರ್‌ನಿಂದ ಆವಿ ಏಳುತ್ತಿರುತ್ತದೆ. ಕುಡಿಯಲೆಂದು ತಂದ ಬಾಟಲಿ ನೀರನ್ನೇ ಸುರಿದು, ಹತ್ತು ನಿಮಿಷ ಕಾದು, ಮತ್ತೆ ಪ್ರಯಾಣ ಮುಂದುವರಿಸುವವರೇ ಹೆಚ್ಚು. ಆ ಹತ್ತು ನಿಮಿಷಗಳ ನಿಜವಾದ ಲೆಕ್ಕ ತೆರೆಯುವುದು ಕೆಲವು ದಿನಗಳ ಅನಂತರ, ಗ್ಯಾರೇಜಿನಲ್ಲಿ. "ಹೆಡ್ ಹೋಗಿದೆ" ಎಂಬ ಮೆಕ್ಯಾನಿಕ್‌ನ ಎರಡೇ ಮಾತು ಕೇಳಿ ಮಾಲೀಕ ಕಂಗಾಲಾಗುತ್ತಾನೆ. ವಾಹನವನ್ನೇ ನಂಬಿ ಬದುಕುವ ಟ್ಯಾಕ್ಸಿ ಚಾಲಕನಿಗಂತೂ ಅದು ರಿಪೇರಿ ಖರ್ಚಿನ ಜೊತೆಗೆ ಹಲವು ದಿನಗಳ ದುಡಿಮೆಯನ್ನೂ ಕಸಿಯುವ ಸುದ್ದಿ.

ಮುಂದಿನ ಪ್ರಶ್ನೆ ಇನ್ನೂ ಕಠಿಣ. ಇದ್ದ ಹೆಡ್ಡನ್ನೇ ಸರಿಪಡಿಸುವುದೇ, ಗುಜರಿಯಿಂದ ಹಳೆಯದೊಂದನ್ನು ತರುವುದೇ, ಹೊಸತನ್ನೇ ಕೊಳ್ಳುವುದೇ? ಇಂತಹ ನಿರ್ಧಾರವನ್ನು ಬಹುತೇಕ ಮಾಲೀಕರು ಮೆಕ್ಯಾನಿಕ್‌ಗೆ ಬಿಟ್ಟುಬಿಡುತ್ತಾರೆ. ಹಾಗೆ ಬಿಡುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳಾದರೂ ಗೊತ್ತಿದ್ದರೆ ಹಣವೂ ಉಳಿದೀತು, ಎಂಜಿನ್ನೂ ಉಳಿದೀತು.

ಕಬ್ಬಿಣ ಹೋಗಿ ಅಲ್ಯೂಮಿನಿಯಂ ಬಂತು

ಸಿಲಿಂಡರ್ ಹೆಡ್ ಎಂದರೆ ಎಂಜಿನ್ನಿನ ಮುಚ್ಚಳ ಎಂದು ಸರಳವಾಗಿ ಹೇಳುವುದುಂಟು. ಆದರೆ ಅದು ಬರಿಯ ಮುಚ್ಚಳವಲ್ಲ. ಇಂಧನ ಉರಿಯುವ ಕೋಶದ ಮೇಲ್ಛಾವಣಿ ಅದು. ಗಾಳಿ ಒಳಬರುವ, ಹೊಗೆ ಹೊರಹೋಗುವ ದಾರಿಗಳು, ಅವುಗಳನ್ನು ತೆರೆದು ಮುಚ್ಚುವ ವಾಲ್ವ್‌ಗಳು, ಸ್ಪಾರ್ಕ್ ಪ್ಲಗ್, ಕೂಲಂಟ್ ಹರಿಯುವ ಸುರಂಗಗಳು, ಆಯಿಲ್ ಹರಿಯುವ ರಂಧ್ರಗಳು ಎಲ್ಲವೂ ಅದರೊಳಗೇ ಇವೆ. ಇಂದಿನ ಬಹುತೇಕ ಕಾರುಗಳಲ್ಲಿ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಕೂಡ ಹೆಡ್ಡಿನ ಮೇಲೆಯೇ ತಿರುಗುತ್ತದೆ. ಬ್ಲಾಕ್ ಮತ್ತು ಹೆಡ್ಡಿನ ನಡುವೆ ಇರುವ ತೆಳ್ಳನೆಯ ಗ್ಯಾಸ್ಕೆಟ್ ಈ ಬೆಂಕಿ, ನೀರು ಮತ್ತು ಎಣ್ಣೆ ಒಂದಕ್ಕೊಂದು ಬೆರೆಯದಂತೆ ತಡೆಯುತ್ತದೆ.

ದಶಕಗಳ ಕಾಲ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಡರ್‌ನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣದವು. ಎಷ್ಟೋ ಬಾರಿ ಕುದಿದರೂ ನೀರು ಕುಡಿಸಿ ಎಬ್ಬಿಸಿದರೆ ಏಳುತ್ತದೆ ಎಂಬ ಖ್ಯಾತಿ ಆ ಕಾರಿಗೆ ಬಂದದ್ದು ಸುಮ್ಮನೆ ಅಲ್ಲ. ಅದರ ಸಮಕಾಲೀನ ಫಿಯಟ್‌ನಲ್ಲಿ ಆಗಲೇ ಅಲ್ಯೂಮಿನಿಯಂ ಹೆಡ್ ಇತ್ತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಕೂಡ ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್ ಹೊತ್ತುಕೊಂಡೇ ಬಂತು. ಅಂಬಾಸಡರ್‌ಗೆ ಒಗ್ಗಿದ್ದ ಕೈಗಳು ಹೊಸ ಲೋಹದ ಸ್ವಭಾವವನ್ನು ಅರಿಯಲು ಒಂದಷ್ಟು ಕಾಲ ಹಿಡಿಯಿತು. ಹಳೆಯ ಅಭ್ಯಾಸಗಳು ಇಂದಿಗೂ ಪೂರ್ತಿ ಹೋಗಿಲ್ಲ ಎಂಬುದು ಬೇರೆ ಮಾತು.

ಅಲ್ಯೂಮಿನಿಯಂ ಬಂದದ್ದಕ್ಕೆ ಕಾರಣಗಳು ಸ್ಪಷ್ಟ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಅದರ ತೂಕ ಮೂರನೇ ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಶಾಖವನ್ನು ಸಾಗಿಸುವ ಸಾಮರ್ಥ್ಯ ಸುಮಾರು ಮೂರು ಪಟ್ಟು. ಉರಿಯುವ ಅನಿಲದ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೆಡ್ಡಿಗೆ ಬಳಸುವ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹವಾದರೋ 600 ಡಿಗ್ರಿಯ ಒಳಗೇ ಕರಗಲಾರಂಭಿಸುತ್ತದೆ. ಆದರೂ ಅದು ಬದುಕಿರುವುದು ತನಗೆ ತಾಗಿದ ಶಾಖವನ್ನು ಕೂಡಲೇ ಕೂಲಂಟ್‌ಗೆ ದಾಟಿಸಿಬಿಡುವುದರಿಂದ. ಕೂಲಂಟ್ ಇಲ್ಲವಾದ ಕ್ಷಣದಿಂದ ಈ ಗುಣವೇ ನಿರುಪಯುಕ್ತ.

ಹಿಗ್ಗುವಿಕೆಯ ಲೆಕ್ಕ

ಅಲ್ಯೂಮಿನಿಯಂ ಬಿಸಿಯಾದಾಗ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಹೆಡ್ 100 ಡಿಗ್ರಿಯಷ್ಟು ಬಿಸಿಯೇರಿದರೆ 0.9 ಮಿಲಿಮೀಟರ್‌ಗೆ ಸಮೀಪ ಬೆಳೆಯುತ್ತದೆ. ಅದರ ಅಡಿಯ ಕಬ್ಬಿಣದ ಬ್ಲಾಕ್ ಬೆಳೆಯುವುದು ಅರ್ಧದಷ್ಟು ಮಾತ್ರ. ಹತ್ತು-ಹನ್ನೆರಡು ಬೋಲ್ಟ್‌ಗಳು ಹೆಡ್ಡನ್ನು ಬ್ಲಾಕಿಗೆ ಬಿಗಿದು ಹಿಡಿದಿರುತ್ತವೆ. ಸಾಧಾರಣ ಉಷ್ಣತೆಯಲ್ಲಿ ಈ ವ್ಯತ್ಯಾಸವನ್ನು ಗ್ಯಾಸ್ಕೆಟ್ ಮತ್ತು ಬೋಲ್ಟ್‌ಗಳು ಸಹಿಸಿಕೊಳ್ಳುತ್ತವೆ; ವಿನ್ಯಾಸವೇ ಹಾಗಿದೆ. ಉಷ್ಣತೆ ಮಿತಿಮೀರಿದಾಗ ಹಿಗ್ಗಲು ಜಾಗವಿಲ್ಲದ ಲೋಹ ಬೋಲ್ಟ್‌ಗಳ ನಡುವೆ ಉಬ್ಬಿ ಬಾಗುತ್ತದೆ. ತಣಿದ ಮೇಲೂ ಆ ಬಾಗು ಹಾಗೆಯೇ ಉಳಿಯುತ್ತದೆ.

ಎರಡನೆಯ ಹಾನಿ ಕಣ್ಣಿಗೆ ಕಾಣದು. ಅನೇಕ ಹೆಡ್‌ಗಳಿಗೆ ಕಾರ್ಖಾನೆಯಲ್ಲಿ ಶಾಖ ಸಂಸ್ಕಾರ ಕೊಟ್ಟಿರುತ್ತಾರೆ. 500 ಡಿಗ್ರಿಗೂ ಮೇಲೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಲೋಹಕ್ಕೆ ಗಡಸುತನ ಬರಿಸುವ ಕ್ರಮ ಇದು. ಎಂಜಿನ್ ಒಣಗಿ ಓಡಿದರೆ ಹೆಡ್ಡಿನ ಕೆಲ ಭಾಗಗಳು 200 ಡಿಗ್ರಿಯನ್ನು ಎಷ್ಟೋ ದಾಟಿ ಈ ಗಡಸುತನ ಇಳಿದುಹೋಗುತ್ತದೆ. ಲೋಹ ಮೆತ್ತಗಾದ ಹೆಡ್ಡನ್ನು ಎಷ್ಟೇ ನಯವಾಗಿ ಉಜ್ಜಿದರೂ ಬೋಲ್ಟ್ ಬಿಗಿದಾಗ ಅದು ತಗ್ಗುತ್ತದೆ, ಗ್ಯಾಸ್ಕೆಟ್ ಮತ್ತೆ ಸೋರುತ್ತದೆ. ಆದ್ದರಿಂದ ಒಳ್ಳೆಯ ವರ್ಕ್‌ಶಾಪ್‌ಗಳು ಕೆಲಸಕ್ಕೆ ಕೈಹಚ್ಚುವ ಮುನ್ನ ಗಡಸುತನ ಮಾಪಕವನ್ನು ಹೆಡ್ಡಿನ ಹಲವು ಕಡೆ ಒತ್ತಿ ನೋಡುತ್ತವೆ. ಈ ಪರೀಕ್ಷೆಯಲ್ಲಿ ಸೋತ ಹೆಡ್ಡಿನ ಮೇಲೆ ಹಣ ಸುರಿಯುವುದು ವ್ಯರ್ಥ.

ಮೂರನೆಯದು ಬಿರುಕು. ಎರಡು ವಾಲ್ವ್ ಸೀಟ್‌ಗಳ ನಡುವಿನ ಕಿರಿದಾದ ಸೇತುವೆ ಮತ್ತು ಸೀಟಿನಿಂದ ಸ್ಪಾರ್ಕ್ ಪ್ಲಗ್ ರಂಧ್ರದವರೆಗಿನ ಭಾಗ ಇದಕ್ಕೆ ಹೆಸರುವಾಸಿ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದಾಗ ಬಿರುಕು ಬೀಳುವ ಸಂಭವ ಹೆಚ್ಚು. ಘಾಟಿಯ ಬದಿಯ ಬಾಟಲಿ ನೀರಿನ ಉಪಚಾರ ಎಷ್ಟೋ ಬಾರಿ ಬೋಳು ಬಾಗಿನಲ್ಲೇ ಮುಗಿಯಬಹುದಾಗಿದ್ದ ಹಾನಿಯನ್ನು ಬಿರುಕಿನವರೆಗೆ ಕೊಂಡೊಯ್ಯುತ್ತದೆ. ಎಂಜಿನ್ ನಿಲ್ಲಿಸಿ, ಮುಟ್ಟುವಷ್ಟು ತಣಿಯುವ ತನಕ ಕಾಯುವುದು ತಾಳ್ಮೆ ಬೇಡುವ ಕೆಲಸ. ಆದರೆ ಅದಕ್ಕೆ ಖರ್ಚಿಲ್ಲ.

ಮುಳ್ಳು ಸುಳ್ಳು ಹೇಳುವ ಹೊತ್ತು

ಇಲ್ಲೊಂದು ವಿಚಿತ್ರ ಸಂಗತಿಯಿದೆ. ಉಷ್ಣತೆ ತೋರಿಸುವ ಮುಳ್ಳು ಸಾಧಾರಣ ಮಟ್ಟದಲ್ಲೇ ಇತ್ತು, ಆದರೂ ಎಂಜಿನ್ ಹಾಳಾಯಿತು ಎಂದು ದೂರುವ ಮಾಲೀಕರು ಸುಳ್ಳು ಹೇಳುತ್ತಿರುವುದಿಲ್ಲ. ಸೆನ್ಸರ್ ಅಳೆಯುವುದು ಅದನ್ನು ಸುತ್ತುವರಿದ ಕೂಲಂಟ್‌ನ ಉಷ್ಣತೆಯನ್ನು. ಪೈಪ್ ಒಡೆದು ಕೂಲಂಟ್ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತಿರುತ್ತದೆ. ಮುಳ್ಳು ಏರುವ ಬದಲು ಕೆಲವೊಮ್ಮೆ ಇಳಿಯುವುದೂ ಉಂಟು. ಏರುಹಾದಿಯಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಅದು ಶುಭ ಸೂಚನೆಯಲ್ಲ.

ಹೆಡ್ ಕೆಟ್ಟಿರುವ ಲಕ್ಷಣಗಳನ್ನು ಬಿಚ್ಚದೆಯೇ ಬಹುಮಟ್ಟಿಗೆ ಗುರುತಿಸಬಹುದು. ಹೊರಗೆ ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುವುದು, ಸೈಲೆನ್ಸರ್‌ನಿಂದ ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ರೇಡಿಯೇಟರ್‌ನಲ್ಲಿ ಏಳುವ ಗುಳ್ಳೆ, ಹಾಲಿನ ಚಹಾ ಬಣ್ಣಕ್ಕೆ ತಿರುಗಿದ ಆಯಿಲ್ ಇವು ಮುಖ್ಯವಾದವು. ಆದರೆ ಆಯಿಲ್ ಮುಚ್ಚಳದ ಒಳಗೆ ಮಾತ್ರ ತುಸು ಬಿಳಿ ಕೆನೆ ಕಂಡರೆ ಗಾಬರಿಯಾಗಬೇಕಿಲ್ಲ. ಮಳೆಗಾಲದಲ್ಲಿ, ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ತೇವಾಂಶದಿಂದಲೂ ಹಾಗಾಗುತ್ತದೆ. ಸಂಶಯವಿದ್ದರೆ ರೇಡಿಯೇಟರ್ ಬಾಯಿಗೆ ನೀಲಿ ದ್ರವ ತುಂಬಿದ ಗಾಜಿನ ನಳಿಕೆಯಿಟ್ಟು ಪರೀಕ್ಷಿಸುವ ಸರಳ ವಿಧಾನವಿದೆ. ಉರಿದ ಅನಿಲದ ಇಂಗಾಲದ ಡೈ ಆಕ್ಸೈಡ್ ಕೂಲಂಟ್‌ಗೆ ನುಸುಳುತ್ತಿದ್ದರೆ ಪೆಟ್ರೋಲ್ ಕಾರಿನಲ್ಲಿ ದ್ರವದ ಬಣ್ಣ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಿಸುವ ಮುನ್ನ ಈ ಪರೀಕ್ಷೆಗೆ ಒತ್ತಾಯಿಸುವ ಹಕ್ಕು ಮಾಲೀಕನಿಗಿದೆ.

ಒಂದು ಕೂದಲೆಳೆಗಿಂತ ಕಡಿಮೆ

ಬಿಚ್ಚಿದ ಹೆಡ್ಡನ್ನು ಮೊದಲು ತೊಳೆಯಬೇಕು. ಕಬ್ಬಿಣದ ಭಾಗಗಳನ್ನು ಬೇಯಿಸುವ ಕಾಸ್ಟಿಕ್ ಸೋಡಾದ ತೊಟ್ಟಿಗೆ ಅಲ್ಯೂಮಿನಿಯಂ ಇಳಿಸಿದರೆ ಲೋಹವೇ ಕರಗಿಹೋಗುತ್ತದೆ. ಈ ಒಂದು ಪ್ರಶ್ನೆಗೆ ವರ್ಕ್‌ಶಾಪ್ ಕೊಡುವ ಉತ್ತರದಲ್ಲೇ ಅದರ ಅರ್ಹತೆ ತಿಳಿದುಬಿಡುತ್ತದೆ.

ಅನಂತರ ಹೆಡ್ಡಿನ ಅಡಿಯ ಮೇಲ್ಮೈ ಮೇಲೆ ನಿಖರವಾದ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ ತೂರುತ್ತದೆಯೇ ಎಂದು ನೋಡುತ್ತಾರೆ. ಅನೇಕ ತಯಾರಕರ ಕೈಪಿಡಿಗಳು ಒಪ್ಪುವ ಬಾಗು 0.05 ಮಿ.ಮೀ. ಮಾತ್ರ. ಮನುಷ್ಯನ ಕೂದಲಿನ ದಪ್ಪಕ್ಕಿಂತ ಇದು ಕಡಿಮೆ. ಬೆರಳು ಸವರಿ "ಸರಿಯಾಗಿದೆ" ಎನ್ನುವ ಅನುಭವಿಗಳ ಮಾತು ಇಲ್ಲಿ ನಡೆಯದು.

ಬಿರುಕು ಹುಡುಕುವುದು ಇನ್ನೊಂದು ಹಂತ. ಕಬ್ಬಿಣದ ಹೆಡ್ಡಿನಲ್ಲಿ ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಬಿರುಕನ್ನು ತೋರಿಸಬಹುದು. ಅಲ್ಯೂಮಿನಿಯಂ ಕಾಂತಕ್ಕೆ ಸ್ಪಂದಿಸದಾದ್ದರಿಂದ ಆ ದಾರಿಯಿಲ್ಲ. ಬದಲಿಗೆ ಕೆಂಪು ಬಣ್ಣದ ದ್ರವ ಬಳಿದು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸುತ್ತಾರೆ. ಬಿರುಕಿನೊಳಗೆ ಇಳಿದಿದ್ದ ದ್ರವ ಹೊರಗೆ ಜಿನುಗಿ ಕೆಂಪು ಗೆರೆ ಮೂಡುತ್ತದೆ. ಆದರೆ ಇದು ಮೇಲ್ಮೈಗೆ ತೆರೆದ ಬಿರುಕನ್ನಷ್ಟೇ ಹೇಳುತ್ತದೆ. ಒಳಗಿನ ನೀರಿನ ಸುರಂಗದ ಸೋರಿಕೆ ತಿಳಿಯಬೇಕಾದರೆ ಎಲ್ಲ ರಂಧ್ರಗಳನ್ನು ರಬ್ಬರ್ ಮತ್ತು ಉಕ್ಕಿನ ಫಲಕಗಳಿಂದ ಮುಚ್ಚಿ, ಒಳಗೆ ಗಾಳಿಯ ಒತ್ತಡ ಕೊಟ್ಟು, ಹೆಡ್ಡನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ನೋಡುವ ತತ್ವವೇ ಇದು. ನೀರು ಬಿಸಿಯಾಗಿರಲೇಬೇಕು ಎಂಬುದು ಮುಖ್ಯ. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವುದುಂಟು.

ಕಂಡ ಬಿರುಕೆಲ್ಲ ಮರಣಶಾಸನವಲ್ಲ. ಕೆಲವು ಡೀಸೆಲ್ ಎಂಜಿನ್‌ಗಳ ತಯಾರಕರು ವಾಲ್ವ್ ಸೀಟ್‌ಗಳ ನಡುವಿನ ಕೂದಲೆಳೆಯ ಬಿರುಕನ್ನು ನಿಗದಿತ ಅಗಲದೊಳಗಿದ್ದರೆ ಒಪ್ಪಿಕೊಳ್ಳುತ್ತಾರೆ. ಅದನ್ನು ತೋರಿಸಿ ಹೊಸ ಹೆಡ್ ಮಾರುವವರೂ ಇಲ್ಲದಿಲ್ಲ.

ಉಜ್ಜಿದರೆ ಸಾಲದು

ಹೆಡ್ ಬಾಗಿದೆ ಎಂದೊಡನೆ ಬಹುತೇಕ ಕಡೆ ಸೂಚಿಸುವ ಪರಿಹಾರ ಒಂದೇ: "ಫೇಸಿಂಗ್ ಮಾಡಿಸಿಬಿಡಿ". ಅಂದರೆ ಯಂತ್ರದಲ್ಲಿಟ್ಟು ಅಡಿಯ ಮೇಲ್ಮೈಯನ್ನು ಸಮತಟ್ಟಾಗುವವರೆಗೆ ಹೆರೆಯುವುದು. ಅಲ್ಪ ಪ್ರಮಾಣದ ಬಾಗಿಗೆ ಇದು ಸರಿಯಾದ ಚಿಕಿತ್ಸೆಯೇ. ಆದರೆ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲಿರುವ ಎಂಜಿನ್‌ಗಳಲ್ಲಿ ಒಂದು ಸರಳ ಸತ್ಯ ಮರೆತುಹೋಗುತ್ತದೆ. ಬಾಗಿರುವುದು ಅಡಿಯ ಮೇಲ್ಮೈ ಮಾತ್ರವಲ್ಲ, ಇಡೀ ಹೆಡ್. ಬಾಳೆಹಣ್ಣಿನ ಒಂದು ಬದಿಯನ್ನು ನೇರವಾಗಿ ಕತ್ತರಿಸಿದರೆ ಇನ್ನೊಂದು ಬದಿ ನೇರವಾಗುವುದೇ? ಕ್ಯಾಮ್‌ಶಾಫ್ಟ್ ಕೂರುವ ಆಧಾರಗಳು ಬಾಗಿದ ಸಾಲಿನಲ್ಲೇ ಉಳಿಯುತ್ತವೆ. ಅದರಲ್ಲಿ ನೇರವಾದ ಶಾಫ್ಟನ್ನು ಬಲವಂತವಾಗಿ ಬಿಗಿದು ತಿರುಗಿಸಿದರೆ ಆಧಾರಗಳು ಸವೆದು ಹೋಗುತ್ತವೆ, ಕೆಲವೊಮ್ಮೆ ಶಾಫ್ಟ್ ತುಂಡಾಗುತ್ತದೆ. ಪರೀಕ್ಷೆ ಕಷ್ಟದ್ದಲ್ಲ: ವಾಲ್ವ್‌ಗಳಿಲ್ಲದ ಹೆಡ್ಡಿನಲ್ಲಿ ಕ್ಯಾಮ್‌ಶಾಫ್ಟ್ ಕೂರಿಸಿ ಬಿಗಿದಾಗ ಅದು ಕೈಯಲ್ಲಿ ಸರಾಗವಾಗಿ ತಿರುಗಬೇಕು.

ತಿರುಗದಿದ್ದರೆ ಮೊದಲು ಹೆಡ್ಡನ್ನು ನೇರಗೊಳಿಸಬೇಕು, ಹೆರೆಯುವುದು ಆಮೇಲೆ. ದಪ್ಪ ಉಕ್ಕಿನ ಹಲಗೆಯ ಮೇಲೆ ಹೆಡ್ ಇಟ್ಟು, ಅದರ ಎರಡು ತುದಿಗಳ ಅಡಿಗೆ ತೆಳುವಾದ ತಗಡು ಕೊಟ್ಟು, ನಡುಭಾಗವನ್ನು ಬೋಲ್ಟ್‌ಗಳಿಂದ ಕೆಳಕ್ಕೆ ಎಳೆದು ಬಿಗಿಯುತ್ತಾರೆ. ಹಾಗೆಯೇ ಒಲೆಯಲ್ಲಿಟ್ಟು 200 ಡಿಗ್ರಿಗೂ ಮೇಲಿನ ಶಾಖದಲ್ಲಿ ಹಲವು ಗಂಟೆ ಬಿಟ್ಟು, ಒಲೆಯೊಳಗೇ ನಿಧಾನವಾಗಿ ತಣಿಯಲು ಬಿಡುತ್ತಾರೆ. ಒಳಗಿನ ಸೆಳೆತ ಸಡಿಲಿ ಲೋಹ ಹೊಸ ಆಕಾರಕ್ಕೆ ಒಗ್ಗುತ್ತದೆ. ಬಹುಮಟ್ಟಿಗೆ ಒಂದು ದಿನದ ಕೆಲಸ ಇದು. ಅದೇ ಕೆಲಸವನ್ನು ತಣ್ಣಗಿರುವಾಗ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಐದು ನಿಮಿಷದಲ್ಲಿ ಮುಗಿಸಲು ಹೋದರೆ ಹೆಡ್ ಬಿರಿಯುವ ಅಪಾಯವಿದೆ.

ಹೆರೆಯುವುದಕ್ಕೂ ಮಿತಿಯುಂಟು. ಮಾರುತಿ 800ರ ಸಿಲಿಂಡರ್ ವ್ಯಾಸ 68.5 ಮಿ.ಮೀ. ಅಷ್ಟು ಅಗಲದಲ್ಲಿ 0.2 ಮಿ.ಮೀ. ಹೆರೆದರೆ ದಹನ ಕೋಶದಿಂದ ಹೆಚ್ಚೆಂದರೆ ಮುಕ್ಕಾಲು ಸಿ.ಸಿ. ಜಾಗ ಕಡಿಮೆಯಾಗುತ್ತದೆ. ಒಂದು ಬಾರಿಗೆ ಇದು ದೊಡ್ಡದಲ್ಲ. ಆದರೆ ಅದೇ ಹೆಡ್ ಎರಡು, ಮೂರು ಬಾರಿ ಯಂತ್ರ ಕಂಡರೆ ಸಂಪೀಡನ ಏರಿ ಎಂಜಿನ್ ನಾಕಿಂಗ್ ಮಾಡತೊಡಗುತ್ತದೆ, ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಕಿರಿದಾಗುತ್ತದೆ, ಟೈಮಿಂಗ್ ಬೆಲ್ಟಿನ ಲೆಕ್ಕವೂ ಕೊಂಚ ತಪ್ಪುತ್ತದೆ. ಹೆಡ್ಡಿನ ಕನಿಷ್ಠ ಎತ್ತರವನ್ನು ಕೈಪಿಡಿಗಳು ನಮೂದಿಸುವುದು ಇದಕ್ಕಾಗಿಯೇ. ಕೆಲವು ಡೀಸೆಲ್ ಹೆಡ್‌ಗಳನ್ನು ಹೆರೆಯಲೇಬಾರದೆಂದು ತಯಾರಕರು ಹೇಳುತ್ತಾರೆ. ಗುಜರಿಯಿಂದ ತಂದ ಹೆಡ್ ಈ ಮೊದಲು ಎಷ್ಟು ಬಾರಿ ಹೆರೆಸಿಕೊಂಡಿದೆ ಎಂಬುದನ್ನು ಅದರ ಎತ್ತರ ಅಳೆಯದೆ ತಿಳಿಯಲಾಗದು.

ಗ್ರೈಂಡರ್‌ಗೆ ಒರಟು ಡಿಸ್ಕ್ ಕಟ್ಟಿ ಕೈಯಲ್ಲೇ ಉಜ್ಜುವ ಪದ್ಧತಿಯ ಬಗ್ಗೆ ಎಷ್ಟು ಎಚ್ಚರಿಸಿದರೂ ಕಡಿಮೆ. ಅದು ಮೇಲ್ಮೈಯಲ್ಲಿ ತಗ್ಗುಗಳನ್ನು ಮಾಡುತ್ತದೆ. ಜೊತೆಗೆ ಡಿಸ್ಕಿನಿಂದ ಉದುರುವ ಗಡಸು ಕಣಗಳು ಆಯಿಲ್ ದಾರಿ ಸೇರಿ ಬೇರಿಂಗ್‌ಗಳನ್ನು ಕೊರೆಯುತ್ತವೆ. ಇಂದಿನ ಬಹುಪದರದ ಉಕ್ಕಿನ ಗ್ಯಾಸ್ಕೆಟ್‌ಗಳಂತೂ ಕನ್ನಡಿಯಂತಹ ನುಣುಪನ್ನು ಬೇಡುತ್ತವೆ.

ಬೆಸುಗೆ ಎಂಬ ಸೂಕ್ಷ್ಮ ವಿದ್ಯೆ

ಬಿರುಕಿಗೆ ಬೆಸುಗೆ ಹಾಕಬಹುದು. ಆದರೆ ಅಲ್ಯೂಮಿನಿಯಂ ಬೆಸುಗೆ ಗೇಟು-ಕಿಟಕಿಯ ಬೆಸುಗೆಯಲ್ಲ. ಗಾಳಿ ಸೋಕಿದ ಕೂಡಲೇ ಈ ಲೋಹದ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಒಳಗಿನ ಲೋಹ 600 ಡಿಗ್ರಿಯ ಆಸುಪಾಸಿನಲ್ಲಿ ಕರಗಿದರೆ, ಆ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಆರ್ಗಾನ್ ಅನಿಲದ ರಕ್ಷಣೆಯಲ್ಲಿ ನಡೆಯುವ ಟಿಗ್ ವೆಲ್ಡಿಂಗ್‌ಗೆ ಇಲ್ಲಿ ಎ.ಸಿ. ವಿದ್ಯುತ್ ಬಳಸುವುದು ಇದೇ ಕಾರಣಕ್ಕೆ: ಪ್ರವಾಹ ತಿರುಗಿದಾಗಲೆಲ್ಲ ಅರ್ಧ ಸುತ್ತು ಪೊರೆಯನ್ನು ಒಡೆಯುತ್ತದೆ, ಇನ್ನರ್ಧ ಸುತ್ತು ಲೋಹವನ್ನು ಕರಗಿಸುತ್ತದೆ.

ಅದಕ್ಕೂ ಮೊದಲು ಬಿರುಕನ್ನು ಅದರ ಬುಡ ಕಾಣುವವರೆಗೆ ಇಂಗ್ಲಿಷ್‌ನ 'ವಿ' ಆಕಾರದಲ್ಲಿ ಕೊರೆದು ತೆಗೆಯಬೇಕು. ಮೇಲಿನಿಂದ ಮುಚ್ಚಿದ ಬಿರುಕು ಅಡಿಯಲ್ಲಿ ಜೀವಂತವಾಗಿಯೇ ಇರುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಎರಕದ ಸೂಕ್ಷ್ಮ ರಂಧ್ರಗಳಿಂದ ಎಣ್ಣೆ ಹೊರಬರುವಂತೆ ಹೆಡ್ಡನ್ನು ಕಾಯಿಸಿ ತೊಳೆಯಬೇಕು, ಇಲ್ಲವಾದರೆ ಬೆಸುಗೆಯಲ್ಲಿ ಗುಳ್ಳೆಗಳು ಉಳಿಯುತ್ತವೆ. ಇಡೀ ಹೆಡ್ಡನ್ನು 150ರಿಂದ 200 ಡಿಗ್ರಿಯವರೆಗೆ ಮುಂಗಾವು ಕೊಟ್ಟು, ಶೇ 5ರಷ್ಟು ಅಥವಾ ಶೇ 12ರಷ್ಟು ಸಿಲಿಕಾನ್ ಇರುವ ಕಡ್ಡಿಯಿಂದ ಬೆಸೆದು, ನಿಧಾನವಾಗಿ ತಣಿಸಬೇಕು. ಬೆಸುಗೆಯ ಸುತ್ತ ಲೋಹದ ಗಡಸುತನ ಎಷ್ಟೋ ಇಳಿದಿರುತ್ತದೆ. ಹೆಡ್ ತುಸು ಬಾಗಿಯೂ ಇರುತ್ತದೆ. ಹೀಗಾಗಿ ಬೆಸುಗೆಯ ಬಳಿಕವೇ ನೇರಗೊಳಿಸುವ, ಹೆರೆಯುವ, ಮತ್ತೆ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವ ಕೆಲಸ. ಸೀಟುಗಳ ನಡುವೆ ಬೆಸೆದಿದ್ದರೆ ಹಳೆಯ ವಾಲ್ವ್ ಸೀಟುಗಳನ್ನು ಕಿತ್ತು ಹೊಸತನ್ನು ಕೂರಿಸಲೇಬೇಕು. ಹೆಡ್ಡನ್ನು ಬಿಸಿ ಮಾಡಿ, ಸೀಟನ್ನು ದ್ರವ ಸಾರಜನಕದಲ್ಲಿ ಅದ್ದಿ ಕುಗ್ಗಿಸಿ ಒಳಗಿಳಿಸುವುದು ಉತ್ತಮ ಕ್ರಮ. ಉಷ್ಣತೆ ಸಮವಾದಾಗ ಅದು ಹಿಡಿದುಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದ ಸೀಟು ಸಡಿಲಿ ಬಿದ್ದರೆ ಪಿಸ್ಟನ್ನಿನ ಕತೆಯೂ ಮುಗಿದಂತೆ.

ಸ್ಪಾರ್ಕ್ ಪ್ಲಗ್ಗಿನ ಮರೆ ಕಿತ್ತುಹೋಗಿದ್ದರೆ ಮಾತ್ರ ಹೆದರಬೇಕಿಲ್ಲ. ರಂಧ್ರವನ್ನು ಹಿಗ್ಗಿಸಿ ಉಕ್ಕಿನ ತಂತಿಯ ಸುರುಳಿ ಅಥವಾ ತೋಳು ಕೂರಿಸಿದರೆ ಮೂಲ ಮರೆಗಿಂತಲೂ ಗಟ್ಟಿಯಾದೀತು.

ಎಪಾಕ್ಸಿ ಅಂಟಿನಿಂದ ಬಿರುಕು ಮುಚ್ಚುವುದು, ರೇಡಿಯೇಟರ್‌ಗೆ ಸೋರಿಕೆ ನಿಲ್ಲಿಸುವ ದ್ರವ ಸುರಿಯುವುದು ಮನೆ ಸೇರುವವರೆಗಿನ ಉಪಾಯಗಳು. ಬೆಂಕಿ ತಾಗುವ ಜಾಗದಲ್ಲಿ ಯಾವ ಅಂಟೂ ನಿಲ್ಲದು. ಆ ದ್ರವ ಬಿರುಕನ್ನು ಮುಚ್ಚುವ ಜೊತೆಗೆ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚೀತು. ಹಾಗೆ 'ಸರಿಪಡಿಸಿದ' ಕಾರನ್ನು ಮಾರಿ ಕೈತೊಳೆದುಕೊಳ್ಳುವವರಿದ್ದಾರೆ ಎಂಬುದನ್ನು ಹಳೆಯ ಕಾರು ಕೊಳ್ಳುವವರು ನೆನಪಿನಲ್ಲಿಡುವುದು ಒಳಿತು.

ಯಾರ ಜೇಬಿಗೆ ಎಷ್ಟು ಭಾರ?

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಸುತ್ತ ಬಿಡಿಭಾಗ ಮತ್ತು ಎಂಜಿನ್ ಕೆಲಸಕ್ಕೆ ಅಂಗಡಿಗಳ ಕೊರತೆಯಿಲ್ಲ. ಸಾಮಾನ್ಯ ಕಾರುಗಳಿಗೆ ಹೊಸ ಹೆಡ್ ಸುಲಭವಾಗಿ ಸಿಗುವಾಗ ಬೆಸುಗೆ, ಸೀಟು, ಗೈಡ್ ಎಲ್ಲ ಸೇರಿದ ರಿಪೇರಿ ಲಾಭದಾಯಕವಾಗಲಾರದು. ಬರಿಯ ಅಲ್ಪ ಬಾಗಿದ್ದರೆ ರಿಪೇರಿಯೇ ಮೇಲು. ತಯಾರಿಕೆ ನಿಂತ ಮಾದರಿಗಳಿಗೆ, ಆಮದು ಕಾರುಗಳಿಗೆ ಲೆಕ್ಕ ಬೇರೆ. ಅಲ್ಲಿ ಎರಡು ದಿನದ ಬೆಸುಗೆಗೂ ಅರ್ಥವಿದೆ. ಗುಜರಿ ಹೆಡ್ ಅಗ್ಗ ನಿಜ. ಆದರೆ ಅದಕ್ಕೂ ಮೇಲೆ ಹೇಳಿದ ಎಲ್ಲ ಪರೀಕ್ಷೆಗಳ ಖರ್ಚು ಸೇರಿಸಿಯೇ ಲೆಕ್ಕ ಹಾಕಬೇಕು.

ವಿಮೆಯಿಂದ ಹಣ ಬಂದೀತು ಎಂಬ ಭರವಸೆ ಬೇಡ. ಸಾಮಾನ್ಯ ಮೋಟಾರು ವಿಮೆ ಯಾಂತ್ರಿಕ ಕೆಡುಕನ್ನು ಮತ್ತು ಪರಿಣಾಮವಾಗಿ ಉಂಟಾದ ನಷ್ಟವನ್ನು ಹೊರಗಿಡುತ್ತದೆ. ಅಪಘಾತದಲ್ಲಿ ರೇಡಿಯೇಟರ್ ಒಡೆದರೆ ಅದಕ್ಕೆ ಪರಿಹಾರ ಸಿಕ್ಕೀತು. ಒಡೆದ ರೇಡಿಯೇಟರ್‌ನೊಂದಿಗೆ ಕಾರು ಓಡಿಸಿ ಹೆಡ್ ಸುಟ್ಟುಕೊಂಡರೆ ಕಂಪನಿ ಕೈಚೆಲ್ಲುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇದ್ದವರು ಅದರ ಷರತ್ತುಗಳನ್ನು ಓದಿಕೊಳ್ಳಬೇಕು.

ಹೆಡ್ ಸರಿಯಾದರೂ ಅದನ್ನು ಸುಟ್ಟ ಕಾರಣ ಹಾಗೆಯೇ ಉಳಿದಿದ್ದರೆ ಕಾರು ಮತ್ತೆ ಅದೇ ಗ್ಯಾರೇಜಿಗೆ ಬರುತ್ತದೆ. ಫ್ಯಾನ್, ವಾಟರ್ ಪಂಪ್, ಹಳೆಯ ಪೈಪುಗಳು, ಕಟ್ಟಿಕೊಂಡ ರೇಡಿಯೇಟರ್ ಇವನ್ನೆಲ್ಲ ನೋಡಲೇಬೇಕು. ಸಣ್ಣ ವಸ್ತುವೆಂದು ಕಡೆಗಣಿಸುವ ರೇಡಿಯೇಟರ್ ಮುಚ್ಚಳದ ಪಾತ್ರ ದೊಡ್ಡದು. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿದಿಡುವ ಒಳ್ಳೆಯ ಮುಚ್ಚಳ ಇದನ್ನು 120 ಡಿಗ್ರಿಯ ಸಮೀಪಕ್ಕೆ ಏರಿಸುತ್ತದೆ. ಅದರ ರಬ್ಬರ್ ಹಳತಾದರೆ ಈ ಲಾಭವೆಲ್ಲ ಸೋರಿಹೋಗುತ್ತದೆ. ನಮ್ಮ ರಾಜ್ಯದ ಅನೇಕ ಕಡೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ತುಂಬಿದರೆ ಮನೆಯ ಗೀಸರಿನಲ್ಲಿ ಕಟ್ಟುವ ಸುಣ್ಣದ ಪದರ ಹೆಡ್ಡಿನ ಸುರಂಗಗಳಲ್ಲೂ ಕಟ್ಟುತ್ತದೆ. ತುಕ್ಕು ನಿರೋಧಕವಿರುವ ಕೂಲಂಟನ್ನು ಶುದ್ಧೀಕರಿಸಿದ ನೀರಿನೊಂದಿಗೆ ಬಳಸುವುದೊಂದೇ ದಾರಿ. "ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ" ಎಂದು ಅದನ್ನು ಕಿತ್ತೆಸೆಯುವ ಪದ್ಧತಿಯೂ ಇದೆ. ಅದರಿಂದ ಎಂಜಿನ್ ತಕ್ಕ ಉಷ್ಣತೆಗೆ ತಲುಪದೆ ಇಂಧನ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಕೂಲಂಟ್ ಅಡ್ಡದಾರಿಯಲ್ಲಿ ಹರಿದು ಬಿಸಿ ಇನ್ನಷ್ಟು ಏರುವುದೂ ಉಂಟು.

ಜೋಡಣೆಯ ವೇಳೆ ಬೋಲ್ಟ್‌ಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಕೈಪಿಡಿಯ ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದ ಹಂತಹಂತವಾಗಿ ಬಿಗಿಯಬೇಕು. ಹೊಸ ಎಂಜಿನ್‌ಗಳಲ್ಲಿ ಕೊನೆಯ ಹಂತವನ್ನು ಡಿಗ್ರಿಯ ಲೆಕ್ಕದಲ್ಲಿ ತಿರುಗಿಸುತ್ತಾರೆ; ಹಾಗೆ ಹಿಗ್ಗಿದ ಬೋಲ್ಟ್‌ಗಳನ್ನು ಬಹುತೇಕ ತಯಾರಕರು ಮತ್ತೆ ಬಳಸಗೊಡುವುದಿಲ್ಲ. ಬೋಲ್ಟ್ ರಂಧ್ರದಲ್ಲಿ ಎಣ್ಣೆ-ನೀರು ನಿಂತಿದ್ದರೆ ಬ್ಲಾಕೇ ಸೀಳಬಹುದು. ಎಂಜಿನ್ ಚಾಲೂ ಮಾಡಿದ ಮೇಲೆ ಕೂಲಂಟ್ ದಾರಿಯಲ್ಲಿ ಸಿಕ್ಕ ಗಾಳಿಯನ್ನು ಪೂರ್ತಿ ಹೊರಗೆ ಬಿಡಬೇಕು. ಕಾರು ಕೈಸೇರಿದ ಮೊದಲ ವಾರ ಪ್ರತಿದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲಂಟ್ ಮಟ್ಟವನ್ನು ಒಮ್ಮೆ ನೋಡಬೇಕು. ಮೊದಲೆರಡು ದಿನ ತುಸು ಇಳಿದರೆ ಉಳಿದ ಗಾಳಿ ಹೊರಬಂದಿದೆ ಎಂದರ್ಥ. ನಾಲ್ಕನೆಯ ದಿನವೂ ಇಳಿಯುತ್ತಿದ್ದರೆ ಬಿಲ್ಲು ಹಿಡಿದು ವರ್ಕ್‌ಶಾಪ್‌ಗೆ ಮರಳಬೇಕು.